ಉಗ್ರಾಣದ ಬೀಗದ ಕೈ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನನ್ನ ಉದ್ಯೋಗದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾಗಿರುವುದು. ಒಂದು ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನಿಡುವ ಕಂಪ್ಯೂಟರ್ ಪ್ರೋಗ್ರಾಮನ್ನು ಬರೆದು ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ಇದಕ್ಕೆ ಕೃತಕ ಬುದ್ಧಿಯ ಏಜೆಂಟ್ ಎಂಬ ಯಂತ್ರಸಹಾಯಕವು ಒದಗಿದೆ. ಅದು ಕಡತಗಳನ್ನು ತಾನೇ ಓದಿ, ತಿದ್ದಿ, ನಡೆಸಿ ನೋಡುವುದು. ಅದರ ಉಪಕಾರವನ್ನು ನಾನು ಅಲ್ಲಗಳೆಯೆನು.

ಆದರೆ ಆ ದಾಖಲೆಗಳನ್ನು ತೆರೆಯಲು ಒಂದು ರಹಸ್ಯ ಸಂಕೇತವುಂಟು. ಅದು ಅನ್ಯರ ಕೈಸೇರಿದರೆ, ತಾಯಿಯೊಬ್ಬಳು ವೈದ್ಯರ ಕಿವಿಯಲ್ಲಿ ಮಾತ್ರ ಹೇಳಿದ ಸಂಗತಿಯು ಬೀದಿಗೆ ಬೀಳುವುದು.

ಈ ಸಂಕೇತವನ್ನು ಸಾಮಾನ್ಯವಾಗಿ 'ಡಾಟ್ ಎನ್ವ್' ಎಂಬ ಕಡತದಲ್ಲಿ ಬರೆದಿಡುವರು. ಪ್ರತಿಯೊಂದು ತಿದ್ದುಪಡಿಯನ್ನೂ ಜೋಪಾನಮಾಡುವ ಗಿಟ್ ಎಂಬ ಸಂಗ್ರಹಕ್ಕೆ ಅದು ಸೇರದಂತೆ 'ಗಿಟ್‌ಇಗ್ನೋರ್' ಪಟ್ಟಿಯಲ್ಲಿ ಹೆಸರಿಸಿದರೆ ಸಾಕೆಂದು ಅನೇಕರ ನಂಬುಗೆ. ಆದರೆ ಆ ಪಟ್ಟಿಯು ಏಜೆಂಟಿಗೆ ಅಡ್ಡಗೋಡೆಯಲ್ಲ. ಏಜೆಂಟು ಓದಿದುದು ದೂರದ ಕಂಪನಿಯ ಯಂತ್ರಕ್ಕೆ ಹೋಗಬಹುದು. ಲಾಗ್ ಎಂಬ ದಿನವಹಿಯಲ್ಲಿ ಉಳಿಯಬಹುದು. ಅದು ಓದುವ ಪುಟದಲ್ಲಿ ಕಪಟಿಯೊಬ್ಬನು ಅಡಗಿಸಿಟ್ಟ ಅಪ್ಪಣೆಯನ್ನು ಒಡತಿಯ ಅಪ್ಪಣೆಯೆಂದೇ ಪಾಲಿಸಲೂಬಹುದು.

೨೦೨೫ನೆಯ ಇಸವಿ ಆಗಸ್ಟ್ ೨೬ರಂದು, ಪ್ರೋಗ್ರಾಮು ಬರೆಯುವವರು ಬಳಸುವ 'ಎನ್‌ಎಕ್ಸ್' ಎಂಬ ಸಾಧನದ ಕೇಡಿನ ಪ್ರತಿಗಳು ಎನ್‌ಪಿಎಂ ಭಂಡಾರದಲ್ಲಿ ಪ್ರಕಟವಾದುವು. ಅವು ಕಂಪ್ಯೂಟರಿನಲ್ಲಿದ್ದ ಏಜೆಂಟುಗಳಿಗೇ ರಹಸ್ಯಗಳನ್ನು ಹುಡುಕಲು ಹೇಳಿದುವು. ದೊರೆತುದನ್ನು ಕಳಕೊಂಡವರ ಹೆಸರಿನಲ್ಲಿಯೇ ಗಿಟ್‌ಹಬ್ ತಾಣದಲ್ಲಿ ಬಹಿರಂಗಪಡಿಸಿದುವು.

ನಮ್ಮ ಅಜ್ಜಿಯವರು ಅಡಿಗೆಯವಳಿಗೆ ದಿನದಿನದ ಪಡಿಯನ್ನು ಅಳೆದು ಕೊಡುತ್ತಿದ್ದರು. ಉಗ್ರಾಣದ ಬೀಗದ ಕೈ ಮಾತ್ರ ಅವರ ಸೊಂಟದಲ್ಲಿಯೇ ಇರುತ್ತಿತ್ತು. ಅಡಿಗೆಯವಳ ಮೇಲೆ ಅನುಮಾನವಿದ್ದುದರಿಂದಲ್ಲ. ಅಡಿಗೆಗೆ ಬೀಗದ ಕೈ ಬೇಕಿಲ್ಲವಾದುದರಿಂದ. ನಾನು ಅನುಸರಿಸುವುದೂ ಇದನ್ನೇ. ನಿಜವಾದ ಸಂಕೇತವನ್ನು ಏಜೆಂಟು ಕೆಲಸಮಾಡುವ ಕಂಪ್ಯೂಟರಿನಲ್ಲಿ ಇಡುವುದಿಲ್ಲ. ಅದಕ್ಕೆ ಕಲ್ಪಿತ ರೋಗಿಗಳ ದಾಖಲೆಯನ್ನೂ, ಅದನ್ನು ಮಾತ್ರ ತೆರೆಯುವ, ಕೆಲವು ಗಂಟೆಗಳಲ್ಲಿ ಅವಧಿ ಮುಗಿಯುವ ಸಂಕೇತವನ್ನೂ ಕೊಡುವೆನು. ರಹಸ್ಯವು ಹೊರಬಿದ್ದಿತೆಂಬ ಸಂಶಯ ಬಂದರೆ ಕಡತದಿಂದ ಅಳಿಸಿದರೆ ಸಾಲದು. ಒಮ್ಮೆ ಗಿಟ್ ಸಂಗ್ರಹಕ್ಕೆ ಸೇರಿದುದು ಅದರ ಹಳೆಯ ಪ್ರತಿಗಳಲ್ಲಿ ಉಳಿದೇ ಇರುವುದು. ಬೀಗವನ್ನೇ ಬದಲಾಯಿಸತಕ್ಕದ್ದು.

ಸೋದರಿಯರೇ, ಮಾನ್ಯ ಪೋಷಕರೇ, ನಮ್ಮ ಮಕ್ಕಳನೇಕರು ಈ ಉದ್ಯೋಗಕ್ಕೆ ಬರುವರು. ಸಹಾಯಕವು ಎಷ್ಟೇ ಚುರುಕಾಗಿದ್ದರೂ, ತಾವು ಕಂಡರಿಯದ ಆ ರೋಗಿಗಳಿಗೆ ಜವಾಬು ಹೇಳತಕ್ಕವರು ತಾವೇ ಎಂಬುದನ್ನು ಅವರಿಗೆ ಈಗಲೇ ಕಲಿಸಬೇಕೆಂದು ನನ್ನ ಬಿನ್ನಹ.