ಕಾವಲಿಲ್ಲದ ಮನೆ

ಮಂಗಳೂರಿನ ಬಂದರಿನಲ್ಲಿ ಅಡಿಕೆಮಂಡಿಯ ಲೆಕ್ಕ ಬರೆಯುತ್ತಿದ್ದ ನನ್ನ ಅಣ್ಣನಿಗೆ ಹೊಗೆಸೊಪ್ಪು ಬೆರೆತ ಎಲೆಯಡಿಕೆಯೇ ಸಂಗಾತಿಯಾಗಿತ್ತು. ಕಳೆದ ಮಳೆಗಾಲದಲ್ಲಿ ಅವನ ಕೆನ್ನೆಯೊಳಗೆ ಅರ್ಬುದವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಅವನಿಗೂ ನೆರೆಮಂಚದವನಿಗೂ ಒಂದೇ ಔಷಧವನ್ನು ಕೊಟ್ಟರು. ಆತನ ಗಡ್ಡೆಯು ಕುಗ್ಗಿತು, ಅಣ್ಣನದು ಕದಲಲಿಲ್ಲ. ತನ್ನ ಧೈರ್ಯವೇ ಸಾಲದಾಯಿತೆಂದು ಅವನು ನೊಂದನು.

ವೈದ್ಯರು ತಿಳಿಸಿ ಹೇಳಿದರು: “ತಪ್ಪು ಧೈರ್ಯದ್ದಲ್ಲ. ಜೀವಕೋಶಗಳಲ್ಲಿ ಪಿ-53 ಎಂಬ ಕಾವಲುಗಾರನುಂಟು. 1979ರಲ್ಲಿ ಕಂಡುಹಿಡಿದಾಗ ಅದನ್ನು ರೋಗಕಾರಕವೆಂದೇ ಬಗೆದಿದ್ದರು. 1989ರಲ್ಲಿ ರಕ್ಷಕನೆಂದು ಸ್ಪಷ್ಟವಾಯಿತು. ಔಷಧವು ಕೋಶವನ್ನು ಗಾಯಗೊಳಿಸಿದಾಗ, ದುರಸ್ತಿಯಾಗದಿದ್ದರೆ ಸಾಯೆಂದು ಆಜ್ಞಾಪಿಸುವುದು ಅದೇ. ಸುಮಾರು ಅರ್ಧದಷ್ಟು ಅರ್ಬುದಗಳಲ್ಲಿ ಅದರ ಜೀನು ಕೆಟ್ಟಿರುವುದು. ಹೊಗೆಸೊಪ್ಪೂ ಅದನ್ನು ಕೆಡಿಸಬಲ್ಲುದು. ಆಗ ಗಾಯಗೊಂಡ ಕೋಶವೂ ಬದುಕಿ ಉಳಿಯಬಹುದು. ನಿಮ್ಮ ಗಡ್ಡೆಯಲ್ಲಿಯೂ ಹಾಗಾಗಿರಬಹುದು.”

“ಶಾಖ ಕೊಟ್ಟರೆ?” ಎಂದು ಅತ್ತಿಗೆ ಕೇಳಿದರು.

“ಮನೆಯ ಶಾಖವಲ್ಲ, ಯಂತ್ರದಿಂದ ಗಡ್ಡೆಯನ್ನು 41ರಿಂದ 43 ಡಿಗ್ರಿಯವರೆಗೆ ಕಾಯಿಸಿದರೆ ಕೋಶದ ದುರಸ್ತಿಗೆ ತಡೆಯಾಗಿ ಔಷಧಕ್ಕೆ ಬಲ ಬರುವುದುಂಟು. ಕಾವಲುಗಾರನಿಲ್ಲದ ಕೆಲವು ಕೋಶಗಳೂ ಶಾಖಕ್ಕೆ ಸಾಯುವುವು, ಎಲ್ಲವೂ ಅಲ್ಲ.”

ಅಣ್ಣನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ಮಗನನ್ನು ಕರೆದು, ಅವನ ಜೇಬಿನಲ್ಲಿದ್ದ ಹೊಗೆಸೊಪ್ಪಿನ ಪೊಟ್ಟಣವನ್ನು ತೆಗೆದು ನನ್ನ ಕೈಗಿತ್ತನು. “ಇವನ ಕಾವಲುಗಾರನು ಇನ್ನೂ ಇರುವನು” ಎಂದನು.