ಹಣೆಯ ಬೂದಿ, ತಮ್ಮನ ಪಾಲು

ಅಮೃತಾಪುರ,
ತರೀಕೆರೆ ತಾಲ್ಲೂಕು

ಪ್ರೀತಿಯ ಅಕ್ಕಾ,

ನಿಮ್ಮ ಕಾಗದ ಬಂತು. ವಿಭೂತಿ ಬುಧವಾರದಿಂದ ಈಚೆಗೆ ಮಾಂಸ ಮುಟ್ಟಿಲ್ಲ, ಒಂದು ಶುಕ್ರವಾರವೂ ಶಿಲುಬೆ ಹಾದಿ ತಪ್ಪಿಸಿಲ್ಲ, ಪಾಪನಿವೇದನೆಯೂ ಆಯಿತು, ಆದರೂ ಎದೆಯ ಭಾರ ಇಳಿದಿಲ್ಲ ಎಂದಿದ್ದೀರಿ. ತೋಟದ ಪಾಲಿನ ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟದ್ದು, ಅಡಿಕೆ ಫಸಲಿನ ಲೆಕ್ಕವನ್ನು ಅವನಿಗೆ ತೋರಿಸದೇ ಇಟ್ಟುಕೊಂಡದ್ದು ಮಾತ್ರ ಕಾಗದದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿದೆ. ಅಕ್ಕಾ, ನೀವು ಬರೆದದ್ದರಲ್ಲೆಲ್ಲ ದೊಡ್ಡ ಮಾತು ಅದೇ ಅನಿಸಿತು ನನಗೆ.

ಯಾಕೆ ಎಂದು ಹೇಳಲು ನಮ್ಮೂರಿನಿಂದಲೇ ಶುರು ಮಾಡುತ್ತೇನೆ. ಇಲ್ಲಿಯ ಅಮೃತೇಶ್ವರ ದೇವಸ್ಥಾನವನ್ನು ನೀವು ನೋಡಿದ್ದೀರಿ. ಹೊಯ್ಸಳ ರಾಜ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು. ಅಲ್ಲಿಯ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಜೈನ ಕವಿ ಶಿವನ ಗುಡಿಗೆ ಬರೆದುಕೊಟ್ಟ. ಚರ್ಚಿಗೆ ಹೋಗುವ ನಾನು ಅವನನ್ನು ಹಚ್ಚಿಕೊಂಡಿದ್ದೇನೆ. ಅದೇ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಕೆಟ್ಟ ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡು ಎಂದು ರಾಜ ಯಶೋಧರನ ತಾಯಿ ಹಟ ಹಿಡಿಯುತ್ತಾಳೆ. ಜೀವ ತೆಗೆಯಲು ಒಪ್ಪದ ಯಶೋಧರ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಹಿಟ್ಟು ಕೂಗುತ್ತದೆ! ಹನಿ ರಕ್ತ ಬೀಳದಿದ್ದರೂ ಕೊಲ್ಲುವ ಸಂಕಲ್ಪದ ಪಾಪ ಬಿಡದೆ, ತಾಯಿ ಮಗ ಪ್ರಾಣಿಗಳಾಗಿ ಜನ್ಮ ಜನ್ಮ ಅಲೆಯುತ್ತಾರೆ. ಈ ಕಥೆ ಕೇಳಿ, ನರಬಲಿಗೆ ಅಣಿಯಾಗಿದ್ದ ಮಾರಿದತ್ತ ರಾಜ ಬಲಿಯನ್ನೇ ಕೈಬಿಡುತ್ತಾನೆ. ಪಶ್ಚಾತ್ತಾಪ ಎಂದಾಗ ನನ್ನ ಕಣ್ಣೆದುರು ಮೊದಲು ನಿಲ್ಲುವವನು ಅವನು.

ಅವನ ಪಕ್ಕದಲ್ಲೇ ಲೂಕನ ಸುವಾರ್ತೆಯ ಜಕ್ಕಾಯ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ. ಯೇಸು ಮನೆಗೆ ಬಂದಾಗ ಅವನು ಉಪವಾಸದ ಮಾತೆತ್ತಲಿಲ್ಲ, ಹರಕೆ ಹೊರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದ. ಅವನ ಪಶ್ಚಾತ್ತಾಪಕ್ಕೆ ಲೆಕ್ಕವಿತ್ತು, ಕೊಡಬೇಕಾದವರ ಹೆಸರಿತ್ತು. ಮತ್ತಾಯನ 5ನೇ ಅಧ್ಯಾಯದಲ್ಲಂತೂ ಯೇಸು ಇನ್ನೂ ನೇರ: ಪೀಠದ ಮುಂದೆ ನಿಂತಾಗ ಸಹೋದರನ ಮುನಿಸು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎನ್ನುತ್ತಾನೆ. ದೇವರು ತನ್ನ ಸರದಿಯನ್ನು ನಿಮ್ಮ ತಮ್ಮನಿಗೆ ಬಿಟ್ಟುಕೊಟ್ಟಿದ್ದಾನೆ, ಅಕ್ಕಾ. ಇದನ್ನು ಎಷ್ಟು ಸಲ ಓದಿದರೂ ನನ್ನ ಮೈ ಜುಮ್ಮೆನ್ನುತ್ತದೆ.

ಹಾಗಂತ ಬೂದಿ ಬೇಡ, ಉಪವಾಸ ಬೇಡ ಎನ್ನುವವನಲ್ಲ ನಾನು. ಹೋದ ವರ್ಷ ಗರಿಗಳ ಭಾನುವಾರ ಕೈಯಲ್ಲಿ ಹಿಡಿದು ಜಯಕಾರ ಹಾಕಿದ ಗರಿಯೇ ಸುಟ್ಟು ಬೂದಿಯಾಗಿ ಈ ವರ್ಷ ಹಣೆಗೆ ಬರುತ್ತದೆ. ಅದಕ್ಕಿಂತ ನಿಜವಾದ ಆಚರಣೆ ಯಾವುದಿದೆ? ಅದು ಸುಳ್ಳಾಗುವುದು ನಾವು ಅದನ್ನು ನಮ್ಮ ತಪ್ಪಿಗೆ ಮರೆ ಮಾಡಿಕೊಂಡಾಗ. ಉಪವಾಸದ ದಿನವೇ ಆಳುಗಳನ್ನು ಹಿಂಡಿ, ಜಗಳ ಕಾಯುವವರನ್ನು ಯೆಶಾಯ 58ನೇ ಅಧ್ಯಾಯದಲ್ಲಿ ಬಯ್ದದ್ದು ಅದಕ್ಕೇ. 1517ರಲ್ಲಿ ಮಾರ್ಟಿನ್ ಲೂಥರ್ ಕ್ಷಮಾಪತ್ರಗಳ ಮಾರಾಟದ ವಿರುದ್ಧ ಎದ್ದಾಗ ಅವನ ಮೊದಲ ವಾದವೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಬೇಕು ಎಂಬುದು. ಇದು ಪ್ರೊಟೆಸ್ಟೆಂಟರ ಮಾತು ಮಾತ್ರ ಎಂದುಕೊಳ್ಳಬೇಡಿ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಮೇಲೂ, ಕದ್ದದ್ದನ್ನು ಹಿಂದಿರುಗಿಸಿ ಆದ ಹಾನಿಯನ್ನು ಕೈಲಾದಷ್ಟು ತುಂಬಿಕೊಡಬೇಕೆಂದು ನಿಮ್ಮ ಕಥೋಲಿಕ ಧರ್ಮೋಪದೇಶವೂ ಹೇಳುತ್ತದೆ.

ಹಾಗಾಗಿ ಈಸ್ಟರ್‌ಗೆ ಮೊದಲೇ ತಮ್ಮನ ಮನೆಗೆ ಹೋಗಿ ಬನ್ನಿ. ಮಂಡಿಯ ಚೀಟಿಗಳು, ಕೊಯ್ಲಿನ ಕೂಲಿ ಬರೆದಿಟ್ಟ ಪುಸ್ತಕ ಎಲ್ಲ ಜೊತೆಗಿರಲಿ. ಅವನೂ ತಪ್ಪು ಮಾಡಿದ್ದಾನೆ, ನನಗೆ ಗೊತ್ತು. ಅದನ್ನು ಆ ದಿನ ಎತ್ತಬೇಡಿ. ದುಡ್ಡು ಒಟ್ಟಿಗೆ ಹೊಂದಿಸಲಾಗದಿದ್ದರೆ ಮುಂದಿನ ಫಸಲಿಗೆ ಇಷ್ಟು ಎಂದು ಬರೆದುಕೊಡಿ. ಅವನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬಹುದು, ಮಾತಾಡದೇ ಇರಬಹುದು. ಆಗ ಚೀಟಿಗಳನ್ನು ಅವನ ಹೆಂಡತಿಯ ಕೈಗೆ ಕೊಟ್ಟು ಬನ್ನಿ, ಮತ್ತೊಮ್ಮೆ ಹೋಗೋಣ. ಒಬ್ಬರೇ ಹೋಗಲು ಅಳುಕಾದರೆ ಹೇಳಿ, ತರೀಕೆರೆ ಬಸ್ ನಿಲ್ದಾಣದಲ್ಲಿ ಕಾದಿದ್ದು ನಾನೂ ಜೊತೆಗೆ ಬರುತ್ತೇನೆ.

ಇಂತಿ ನಿಮ್ಮ
ಗೆಳೆಯ