ಚೇಂಬರಿಗೊಂದು ಕವಚ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದವರೆಗೆ ಸಾಗುವ ರಸ್ತೆಗೆ ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ಅಷ್ಟು ಉದ್ದದ ಹೆಸರನ್ನು ಉಚ್ಚರಿಸುವ ವ್ಯವಧಾನ ಮಾತ್ರ ಆ ರಸ್ತೆಯಲ್ಲಿ ಯಾರಿಗೂ ಇಲ್ಲ. ಎಲ್ಲರ ಬಾಯಲ್ಲಿಯೂ ಅದು ಜೆ.ಸಿ. ರೋಡು. ತಲೆಭಾಗದಲ್ಲಿ 1935ರಲ್ಲಿ ಪೂರ್ಣಗೊಂಡ ಪುರಭವನ. ಅದರ ಸಮೀಪದಲ್ಲಿಯೇ ಟಾಗೋರರ ಜನ್ಮಶತಾಬ್ದಿಯ ನೆನಪಿಗೆಂದು ಕಟ್ಟಿದ ರವೀಂದ್ರ ಕಲಾಕ್ಷೇತ್ರ. ಸಂಜೆ ನಾಟಕ ನೋಡಲು ಬರುವವರು ಕಾಣುವ ರಸ್ತೆಯೇ ಬೇರೆ. ಬೆಳಿಗ್ಗೆ ಅಂಗಡಿಗಳ ಉರುಳುಬಾಗಿಲುಗಳು ಗಡಗಡನೆ ಮೇಲೇರಿದ ನಂತರದ ರಸ್ತೆಯೇ ಬೇರೆ. ಆಗ ಅಲ್ಲಿ ಕಾರುಗಳು ಅಂಗಾಂಗಗಳಾಗಿ ಬಿಡಿಸಿಕೊಂಡು ಗೋಡೆಯ ಮೇಲೇರುತ್ತವೆ: ದೀಪ, ಕನ್ನಡಿ, ಬಂಪರು, ಸೀಟಿನ ಹೊದಿಕೆ, ಹಾರನ್ನು. ರಬ್ಬರಿನ ವಾಸನೆಯೂ ಕಾಫಿಯ ವಾಸನೆಯೂ ಒಂದೇ ಗಾಳಿಯಲ್ಲಿ ಬೆರೆತು ಬರುತ್ತವೆ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಜಯನಗರದ ಕಡೆಯಿಂದ ತಂದೆ ಮತ್ತು ಮಗ ಈ ಬೀದಿಗೆ ಬಂದಿಳಿದರು. ಮಗ ಕೊಂಡಿದ್ದುದು ಒಬ್ಬರ ಕೈದಾಟಿದ ಕಾರು. ಹಿಂದಿನ ಯಜಮಾನ ಷೋಕಿಗಾರ. ಮೂಲದ ಸ್ಪ್ರಿಂಗುಗಳನ್ನು ಕಳಚಿ, ಗಿಡ್ಡನೆಯವನ್ನು ತೊಡಿಸಿ, ಕಾರನ್ನು ನಾಲ್ಕು ಸೆಂಟಿಮೀಟರಿನಷ್ಟು ನೆಲಕ್ಕೆ ಇಳಿಸಿದ್ದ. ನೋಡುವುದಕ್ಕೆ ಬೇಟೆಗೆ ಹೊಂಚುಹಾಕಿದ ಚಿರತೆಯಂತಿತ್ತು, ನಿಜ. ಆದರೆ ಮನೆಯಾಕೆ ಲಕ್ಷದೀಪೋತ್ಸವಕ್ಕೆ ಧರ್ಮಸ್ಥಳಕ್ಕೆ ಹೋಗಲೇಬೇಕೆಂದು ಸಂಕಲ್ಪಿಸಿದ್ದರು. ಹಾಸನ, ಬೇಲೂರು, ಮೂಡಿಗೆರೆಗಳನ್ನು ಹಾದು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯಬೇಕು. ಐದು ಜನ, ಮೇಲೆ ಸಾಮಾನು. ಘಾಟಿಯ ನಡುವೆ ಒಂದು ಕಲ್ಲು ಎಂಜಿನ್ನಿನ ತಳದ ಎಣ್ಣೆಯ ಪಾತ್ರೆಗೆ, ಅಂದರೆ ಮೆಕ್ಯಾನಿಕ್ಕುಗಳ ಮಾತಿನಲ್ಲಿ ‘ಚೇಂಬರಿ’ಗೆ, ಬಡಿದರೆ? ಎಣ್ಣೆ ಸೋರಿಹೋದದ್ದನ್ನು ಅರಿಯದೆ ಓಡಿಸಿದ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಕತ್ತಲು, ಮಂಜು, ತಿರುವು. ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ.

ಅಂಗಡಿಯವರು ಮೂರು ತಟ್ಟೆಗಳನ್ನು ಕಲ್ಲುಹಾಸಿನ ಮೇಲೆ ಹರಡಿದರು. ಒಂದು ಉಕ್ಕಿನದು, ಒಂದು ಅಲ್ಯೂಮಿನಿಯಮ್ಮಿನದು, ಮತ್ತೊಂದು ದಪ್ಪನೆಯ ಪ್ಲಾಸ್ಟಿಕ್ಕಿನದು. ಮಗನ ಕೈ ಹೊಳೆಯುವ ಅಲ್ಯೂಮಿನಿಯಮ್ಮಿನತ್ತ ಹೋಯಿತು. ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ತಂದೆ ಕಾಗದ ತೆಗೆದರು. 80 ಸೆಂಟಿಮೀಟರು ಉದ್ದ, 60 ಅಗಲದ ತಟ್ಟೆ 3 ಮಿಲಿಮೀಟರಿನ ಉಕ್ಕಿನದಾದರೆ ಸುಮಾರು 11 ಕಿಲೋ ತೂಗುತ್ತದೆ. 2 ಮಿಲಿಮೀಟರಿನದು ಏಳೂವರೆ. 5 ಮಿಲಿಮೀಟರಿನ ಅಲ್ಯೂಮಿನಿಯಮ್ಮು ಆರೂವರೆ.

“ತೂಕ ಕಡಿಮೆ, ಒಪ್ಪಿದೆ ಸಾರ್,” ಎಂದರು ಅಂಗಡಿಯವರು. “ಆದರೆ ಅದು ಮೆತ್ತನೆ ಲೋಹ. ಕಲ್ಲು ಸಿಕ್ಕಿದರೆ ಕಚ್ಚಿಕೊಳ್ಳುತ್ತೆ. ಉಕ್ಕು ಜಾರಿಕೊಂಡು ಹೋಗುತ್ತೆ. ಪ್ಲಾಸ್ಟಿಕ್ಕು ಇನ್ನೂ ಚೆನ್ನಾಗಿ ಜಾರುತ್ತೆ, ಆದರೆ ಸೈಲೆನ್ಸರಿನ ಕಾವಿನ ಹತ್ತಿರ ಇಡೋ ಹಾಗಿಲ್ಲ.”

ತಟ್ಟೆಯ ಲೋಹಕ್ಕಿಂತ ಅದನ್ನು ಬಿಗಿಯುವ ಜಾಗವೇ ಮುಖ್ಯವೆಂಬುದನ್ನೂ ಅವರು ತಿರುಗಿಸಿ ತೋರಿಸಿದರು. ಪೆಟ್ಟನ್ನು ಹೊರಬೇಕಾದದ್ದು ಕಾರಿನ ಚೌಕಟ್ಟು. ಚೇಂಬರಿಗೇ ತಟ್ಟೆಯನ್ನು ಆನಿಸಿದರೆ ಅದು ಗುರಾಣಿಯಲ್ಲ, ಸುತ್ತಿಗೆ. ಮುಂದಿನ ಅಂಚು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರಬೇಕು. ಬೋಲ್ಟುಗಳ ತಲೆ ಹೊರಚಾಚದೆ ತಟ್ಟೆಯೊಳಗೆ ಅಡಗಿರಬೇಕು. ಎಣ್ಣೆ ಬದಲಿಸುವ ತಿರುಪಿಗೆ ನೇರವಾಗಿ ಕಿಂಡಿ ಬೇಕು. ನೀರಿಗೂ ಕಾವಿಗೂ ದಾರಿ ಬೇಕು. ಕಿಂಡಿಯಿಲ್ಲದ ತಟ್ಟೆಯನ್ನು ಕೊಂಡವರು ಪ್ರತಿಸಲ ಎಣ್ಣೆ ಬದಲಿಸುವಾಗಲೂ ಅಂಗಡಿಯವನಿಗೆ ಶಾಪ ಹಾಕುತ್ತಾರಂತೆ.

ಇನ್ನು ತೊಡಿಸುವುದೊಂದೇ ಬಾಕಿ ಎನ್ನುವಾಗ ಪಕ್ಕದ ಓಣಿಯ ವೃದ್ಧ ಮೆಕ್ಯಾನಿಕ್ಕು ಬಂದು, ಕಾರಿನ ಕೆಳಗೆ ಉಕ್ಕಿನ ಅಳತೆಪಟ್ಟಿಯನ್ನು ತೂರಿಸಿದರು. ಮೂಲದಲ್ಲಿ 17 ಸೆಂಟಿಮೀಟರು ಇದ್ದ ಎತ್ತರ 13ಕ್ಕೆ ಇಳಿದಿತ್ತು. ತಟ್ಟೆಗೂ ಚೇಂಬರಿಗೂ ನಡುವೆ ಒಂದೂವರೆ ಸೆಂಟಿಮೀಟರಾದರೂ ಬಿಡಬೇಕು, ತಟ್ಟೆ ತಗ್ಗಿದಾಗ ತಾಗದಿರಲು. ತಟ್ಟೆಯ ದಪ್ಪವನ್ನೂ ಸೇರಿಸಿದರೆ ಉಳಿಯುವುದು 11 ಚಿಲ್ಲರೆ. ಐವರು ಕುಳಿತರೆ ಅದೂ ಇಲ್ಲ.

ರಸ್ತೆಯ ಉಬ್ಬುಗಳಿಗೆ ಶಾಸ್ತ್ರವಿಲ್ಲದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಂತೆ ದುಂಡನೆಯ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ. ಅದು ಎಷ್ಟು ನಿಧಾನವಾಗಿ ಏರುತ್ತದೆಂದರೆ, ಗಾಲಿಗಳ ನಡುವೆ ಎರಡೂವರೆ ಮೀಟರು ಅಂತರವಿರುವ ಕಾರು ಅದರ ನೆತ್ತಿಯನ್ನು ದಾಟುವಾಗ ಗಾಲಿಗಳೂ ಉಬ್ಬಿನ ಮೇಲೆಯೇ ಇರುತ್ತವೆ; ಹೊಟ್ಟೆಯ ಕಡೆಗೆ ನೆಲ ಎದ್ದುಬರುವುದು ನಾಲ್ಕೂವರೆ ಸೆಂಟಿಮೀಟರು ಮಾತ್ರ. ಆದರೆ ಊರಿನವರು ತಾವೇ ಸಿಮೆಂಟು ಕಲಸಿ ರಾತ್ರೋರಾತ್ರಿ ಎಬ್ಬಿಸಿದ ಗುಡ್ಡೆಗೆ ಯಾವ ಶಾಸ್ತ್ರ? ಎರಡು ಗೇಣು ಅಗಲ, ಅರ್ಧ ಗೇಣಿಗೂ ಮಿಕ್ಕ ಎತ್ತರ. ಗಾಲಿಗಳೆಲ್ಲ ನೆಲದಲ್ಲಿ, ಗುಡ್ಡೆಯಷ್ಟೂ ಹೊಟ್ಟೆಗೆ. ತಟ್ಟೆಯಿಲ್ಲದೆ ಹೇಗೋ ದಾಟಬಹುದಾದ ಗುಡ್ಡೆಗೆ ತಟ್ಟೆಯಿಂದಾಗಿಯೇ ಸಿಕ್ಕಿಕೊಳ್ಳುವ ವಿಚಿತ್ರವೂ ಉಂಟು.

“ಪೆಟ್ಟು ತಡೆಯುತ್ತೆ ಸ್ವಾಮಿ, ಎತ್ತರ ಕೊಡೋದಿಲ್ಲ,” ಎಂದರು ಮೆಕ್ಯಾನಿಕ್ಕು. “ಹಳೆ ಸ್ಪ್ರಿಂಗು ಎಲ್ಲಿ?”

ತಂದೆಗೆ ಇನ್ನೊಂದು ನೆನಪಾಯಿತು. ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಇದನ್ನು ಮಗನಿಗೆ ಹಿಂದೆ ಎರಡು ಸಲ ಹೇಳಿ ಫಲ ಕಾಣದೆ ಸುಮ್ಮನಾಗಿದ್ದರು. ಈಗ ಹೇಳಲಿಲ್ಲ. ಮಗ ಅಳತೆಪಟ್ಟಿಯನ್ನೇ ನೋಡುತ್ತಿದ್ದ. ಕೊನೆಗೆ ಮನೆಗೆ ಫೋನು ಮಾಡಿದ.

“ಅಟ್ಟದ ಮೇಲೆ ಗೋಣಿಚೀಲದಲ್ಲಿ ಇದೆಯಲ್ಲೋ,” ಎಂದಿತು ತಾಯಿಯ ದನಿ. “ಗುಜರಿಗೆ ಹಾಕು ಅಂದಿದ್ದೆ ನೀನು. ನಾನು ಹಾಕಲಿಲ್ಲ.”

ಸಂಜೆಯ ಹೊತ್ತಿಗೆ ಕಾರು ಮತ್ತೆ ತನ್ನ ಎತ್ತರಕ್ಕೆ ನಿಂತಿತು. ಹೊಟ್ಟೆಗೆ 2 ಮಿಲಿಮೀಟರಿನ ಉಕ್ಕಿನ ತಟ್ಟೆ. ಕಲಾಕ್ಷೇತ್ರದ ಮುಂದೆ ಆಗಲೇ ನಾಟಕದ ಜನ ಸೇರಿದ್ದರು.

ಎರಡು ದಿನಗಳ ನಂತರ ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿಂದರು. ಅಜ್ಜಿ ಮೂರು ತಿಂದರು. ಅಲ್ಲಿಂದ ಮುಂದೆ ಕಾಡು ರಸ್ತೆಯ ಮೇಲೆ ಬಾಗುತ್ತದೆ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಕಣಿವೆ ತೆರೆದುಕೊಳ್ಳುತ್ತದೆ. 2019ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ಸಂಚಾರವೇ ನಿಂತಿದ್ದ ಘಾಟಿ ಇದು. ಒಂದು ತಿರುವಿನಲ್ಲಿ, ಎದುರಿನ ಬಸ್ಸಿಗೆ ದಾರಿ ಬಿಡಲೆಂದು ಅಂಚಿಗೆ ಸರಿದಾಗ, ಕೆಳಗೆ ‘ಕರ್‍ರ್’ ಎಂದಿತು. ಕಾರಿನೊಳಗೆ ಯಾರೂ ಮಾತಾಡಲಿಲ್ಲ.

ಘಾಟಿಯ ಬುಡದಲ್ಲಿ, ಚಾರ್ಮಾಡಿಯ ಬಳಿ, ಮಗ ಇಳಿದು ಟಾರ್ಚು ಹಿಡಿದು ಬಗ್ಗಿದ. ತಟ್ಟೆಯ ಮುಂದಂಚಿನಿಂದ ಒಂದು ಗೇಣುದ್ದ ಹೊಸ ಗೀರು ಬೆಳ್ಳಗೆ ಹೊಳೆಯುತ್ತಿತ್ತು.

“ಎಣ್ಣೆ ಸೋರಿಲ್ಲ ತಾನೇ?” ಎಂದರು ತಾಯಿ.

ಅವನು ಕಿಂಡಿಯೊಳಗೆ ಬೆರಳಾಡಿಸಿ ಹೊರತೆಗೆದು ಬೆಳಕಿಗೆ ಹಿಡಿದ. ಬರೀ ಕೆಮ್ಮಣ್ಣು.